ಇಪ್ಪತ್ತೆರಡು ಹೆಜ್ಜೆ

ಸೊತ್ಕಮೊ ಪೇಟೆ, ರೈಮೊನ ಅಂಗಡಿ.
ಹದಿನೆಂಟು ಯೂರೊ ಜೇಬಲ್ಲಿಟ್ಟುಕೊಂಡು
ಅರ್ಧ ಗಂಟೆಯಿಂದ ನಿಂತಿದ್ದೇನೆ.
ಎರಡು ಬಿಲ್ಲೆ, ಎರಡು ಕೈ.

ಎಡಗೈಯಲ್ಲಿ ಪಟರ್: ಬೆಣ್ಣೆಬಣ್ಣ, ಮೆತ್ತನೆಯ ಅಂಚು,
ಮಡಚಿದರೆ ಮಡಚಿಕೊಳ್ಳುತ್ತದೆ,
ಬಿಟ್ಟರೆ ಏನೂ ಆಗದವರ ಹಾಗೆ ನೆಟ್ಟಗಾಗುತ್ತದೆ.
ಬಲಗೈಯಲ್ಲಿ ಅಪ್ರೋಚ್ ಡಿಸ್ಕ್: ಕಡುನೀಲಿ, ಚಪ್ಪಟೆ,
ಮಾತು ನುಂಗಿಕೊಂಡವರ ದವಡೆಯಂಥ ಅಂಚು.

"ಎರಡೂ ನೂರ ಎಪ್ಪತ್ತೈದು ಗ್ರಾಂ," ಎನ್ನುತ್ತಾನೆ ರೈಮೊ
ರಶೀದಿ ಯಂತ್ರಕ್ಕೆ ಹೊಸ ಸುರುಳಿ ತುರುಕುತ್ತ.
ತೂಕ ಒಂದೇ. ಕೈ ನಂಬುವುದಿಲ್ಲ.

ಕಣ್ಣ ಮುಂದಿರುವುದು ಏಳನೆಯ ಬುಟ್ಟಿ.
ಸರೋವರದ ಮೇಲಿನ ದಿಬ್ಬ,
ಎರಡು ಬರ್ಚ್ ಮರ, ನಡುವೆ ಗಾಳಿ ನುಗ್ಗುವ ಸಂದು.
ನನ್ನ ಮೊದಲ ಎಸೆತ ಎಂದಿನಿಂದಲೂ ಬೀಳುವುದು
ಇರುವೆಗೂಡಿನ ಈಚೆ.
ಅಲ್ಲಿಂದ ಇಪ್ಪತ್ತೆರಡು ಹೆಜ್ಜೆ.
ಹತ್ತಾಗಿದ್ದರೆ ಕಣ್ಣುಮುಚ್ಚಿ ಪಟರ್,
ಐವತ್ತಾಗಿದ್ದರೆ ಯೋಚನೆಯೇ ಇಲ್ಲ, ನೀಲಿ.
ಇಪ್ಪತ್ತೆರಡು
ಯಾರ ಮನೆಯದ್ದೂ ಅಲ್ಲದ ದೂರ.

ಕಳೆದ ಗುರುವಾರ ಅಲ್ಲಿ ಪಟರ್ ಎಸೆದೆ,
ಹಳೆಯದು, ಬಿಳಿಯದು.
ತೇಲಿತು. ಅಯ್ಯೋ, ಎಷ್ಟು ಚೆಂದ ತೇಲಿತು,
ಕೆಳಗಿನಿಂದ ಯಾರೋ ಅಂಗೈ ಕೊಟ್ಟ ಹಾಗೆ.
ಸರಪಳಿ ಝಲ್ಲೆಂದಿತು.
ಕೈಗೆ ಬಂದ ತುತ್ತು
ಬಾಯಿಗೆ ಬರಲಿಲ್ಲ.
ಬುಟ್ಟಿ ಉಗುಳಿತು.
ಬಿಲ್ಲೆ ಅಂಚಿನ ಮೇಲೆ ನಾಣ್ಯದಂತೆ ನಿಂತು
ಒಂದಿಷ್ಟು ಯೋಚಿಸಿ
ಇಳಿಜಾರು ಹಿಡಿಯಿತು.
ಓಡಿದೆ. ಐವತ್ತೆಂಟರ ಮಂಡಿ, ರಬ್ಬರ್ ಬೂಟು,
ಕಾಲಿಗೆ ತೊಡರುವ ಬ್ಲೂಬೆರಿ ಪೊದೆ.
ನನಗಿಂತ ಮೊದಲು ಅದು ನೀರು ಸೇರಿತು.
ಹಿಲ್ಲೆವಿ ನಕ್ಕಳು. ಆಮೇಲೆ ಟೋಪಿ ತೆಗೆದಳು.

ಹಿಲ್ಲೆವಿಯ ಲೆಕ್ಕವೇ ಬೇರೆ.
ಹಲ್ಲಿನ ಡಾಕ್ಟರ ಪಕ್ಕ ಮೂವತ್ತು ವರ್ಷ ನಿಂತವಳು,
ಆತುರದ ಕೈ ಏನು ಮಾಡುತ್ತದೆಂದು ಬಲ್ಲವಳು.
ಎಲ್ಲದಕ್ಕೂ ಅವಳಿಗೆ ಒಂದೇ ನೀಲಿ ಬಿಲ್ಲೆ.
ಎದುರುಗಾಳಿಗೆ ಅದು ತಲೆ ಎತ್ತುವುದಿಲ್ಲ,
ನೆಟ್ಟಗೆ ಹೋಗಿ, ಕೊನೆಗೆ ಎಡಕ್ಕೆ ವಾಲಿ,
ಬಸ್ಸಿನಲ್ಲಿ ಸೀಟು ಸಿಕ್ಕವರ ಹಾಗೆ
ಕುಳಿತುಬಿಡುತ್ತದೆ.
ಬುಟ್ಟಿಗೆ ಎರಡು ಹೆಜ್ಜೆ. ಸದಾ ಎರಡು ಹೆಜ್ಜೆ.
"ಒಳಗೇ ಹೋಗಬೇಕೆಂದು ಯಾರು ಹೇಳಿದರು ನಿನಗೆ?
ಹತ್ತಿರ ಹೋಗು. ಹೋದಮೇಲೆ ನೋಡೋಣ."

ಮಾತು ಸರಿಯೇ. ಸರಿಯಾಗಿರುವುದೇ ತೊಂದರೆ.
ನಾನು ಶಾಲೆಯ ಬಸ್ಸು ಓಡಿಸುವವಳು.
ದಿನಕ್ಕೆ ನಲವತ್ತೊಂದು ನಿಲುಗಡೆ,
ಎಲ್ಲ ಬಾಗಿಲಿಗೂ ಹತ್ತಿರ,
ಯಾವ ಬಾಗಿಲ ಒಳಕ್ಕೂ ಅಲ್ಲ.
ಚಳಿಗಾಲದಲ್ಲಿ ಮೂರಕ್ಕೇ ಜಗುಲಿಯ ದೀಪ ಹತ್ತುತ್ತವೆ,
ಮಕ್ಕಳು ಇಳಿಯುತ್ತವೆ, ಯಾರದೋ ಅಡುಗೆಯ ಹಬೆ
ಬಾಗಿಲು ತೆರೆದಷ್ಟು ಹೊತ್ತು ಕಾಣುತ್ತದೆ,
ನಾನು ಗೇರು ಹಾಕುತ್ತೇನೆ.
ಹತ್ತಿರ ಹೋಗುವುದಕ್ಕೆ
ಪುರಸಭೆ ನನಗೆ ಸಂಬಳ ಕೊಡುತ್ತದೆ.

ಗುರುವಾರವಾದರೂ ಝಲ್ಲೆನ್ನಲಿ.

ಬೆಣ್ಣೆಬಣ್ಣದ್ದನ್ನೇ ಕೊಂಡೆ.
ರೈಮೊ ನೀಲಿಯನ್ನು ಸಾಲಿಗೆ ಮರಳಿಸಿದ,
ನಾನು ಗಲ್ಲಾಪೆಟ್ಟಿಗೆಯ ಪಕ್ಕ ನಿಂತು
ಹೊಸ ಬಿಲ್ಲೆಯ ಹೊಟ್ಟೆಗೆ ಹೆಸರು, ಫೋನ್ ನಂಬರು ಬರೆದೆ,
ಕಳೆದುಹೋಗುವುದು ಗೊತ್ತಿದ್ದವರ ದಪ್ಪ ಅಕ್ಷರದಲ್ಲಿ.

ಮರುದಿನ ಬೆಳಿಗ್ಗೆ ಹತ್ತೊಂಬತ್ತನೆಯ ನಿಲುಗಡೆ.
ಮೂಗು ಸೋರುವ ಹುಡುಗ ಉರ್ಹೊ,
ಸ್ವೆಟರಿನೊಳಗಿಂದ ಬಿಳಿಯದೊಂದನ್ನು ಎಳೆದ.
ಕೆಸರಿನ ವಾಸನೆ, ಜೊಂಡಿನ ಎಳೆ,
ಅರ್ಧ ಅಳಿಸಿದ ನನ್ನ ನಂಬರು.
"ನಿಮ್ಮದಾ? ಅಪ್ಪನ ಬಲೆಗೆ ಬಿತ್ತು."

ಬಾಗಿಲು ಮುಚ್ಚಿದೆ. ಡ್ಯಾಶ್‌ಬೋರ್ಡಿನ ಮೇಲೆ ಒಣಗಲಿಟ್ಟೆ.
ಇನ್ನು ಇಪ್ಪತ್ತೆರಡು ಮನೆ ಬಾಕಿ.
ಈಗ ನನ್ನ ಬಳಿ ಎರಡು ಪಟರ್,
ಗುರುವಾರಕ್ಕೆ ಎದುರುಗಾಳಿ ಅಂತೆ.